ಕಾರಣೆ

ಮಾರ್ಚಿ ತಿಂಗಳ ಸಭೆಯ ಏಳನೇ ವಿಷಯ.
ಆರನೆಯದು ಬೀದಿದೀಪ, ಅದಕ್ಕೇ ಗಂಟೆ ಎರಡಾಗಿ
ಮಜ್ಜಿಗೆಯೂ ಮುಗಿದಿತ್ತು.
ಪಿಡಿಒ ದಾಕ್ಷಾಯಿಣಿ ಮೇಡಂ ಕನ್ನಡಕ ಒರೆಸಿ ಓದಿದರು:
ಕಳೆದ ನೆರೆಯಲ್ಲಿ ನೀರು ಹೊಕ್ಕ ಮನೆಗಳ ಗೋಡೆಗೆ
ನೀರು ನಿಂತ ಮಟ್ಟದಲ್ಲಿ
ಕೆಂಪು ಗೆರೆ ಎಳೆಯತಕ್ಕದ್ದು.
ಕುಂಚ, ನೀರುಗಂಟಿಯ ಜವಾಬ್ದಾರಿ.
ನೀರುಗಂಟಿ ಅಂದರೆ ನಾನು.

ಆಗ ಹೊಳೆ ಎಲ್ಲಿತ್ತು?
ಬಂಡೆಗಳ ಸಂದಿಯಲ್ಲಿ, ಎಮ್ಮೆ ಮಲಗಿದಷ್ಟು ಅಗಲ.
ಬಿಸಿಲಲ್ಲಿ ಬಣ್ಣದ ಡಬ್ಬಿ ಹಿಡಿದು ಹೊರಟರೆ
ಹುಡುಗರು ಕೇಳಿದವು, "ಎಲೆಕ್ಸನ್ನಾ ಮಾವ?"

ಮೊದಲ ಮನೆಯಲ್ಲೇ ತಕರಾರು.
ಮೊಣಕಾಲುದ್ದ ಬಂದಿತ್ತು ಅಂದರು ಮರೀಗೌಡರು.
ಸೊಂಟದುದ್ದ, ಅಂದ ಮಗ.
ಸೊಸೆ ಮಾತಾಡದೆ ಬೀರು ಸರಿಸಿದಳು:
ಹಿಂದಿನ ಗೋಡೆಯಲ್ಲಿ ಟೀ ಚೆಲ್ಲಿದಂಥ ಕಲೆ,
ನನ್ನ ಎದೆಯ ಗುಂಡಿಗೆ ಸರಿಯಾಗಿ.

ಎಳೆಯುತ್ತ ಬರೆದುಕೊಂಡೆ,
ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಗಳಲ್ಲಿ.
ಏಳಲಾರದವರು: ಮೂರು ಮನೆ.
ಕಿವಿ ಕೇಳದವರು: ತಮಟೆ ಸಾಲದು, ಕದ ತಟ್ಟಬೇಕು.
ಹರಿಗೋಲು: ಜವರಯ್ಯನದು, ತೂತು ಎರಡು, ಡಾಂಬರು ಬೇಕು.
ಸ್ಕೂಲಿನ ಬೀಗದಕೈ: ಒಂದು ಹೆಡ್‌ಮಾಸ್ಟರ ಹತ್ತಿರ,
ಅವರಿರುವುದು ಮಂಡ್ಯದಲ್ಲಿ.
ಇನ್ನೊಂದು ಬಿಸಿಯೂಟದ ಪುಟ್ಟಲಿಂಗಮ್ಮನ ಸೆರಗಿನ ಗಂಟಲ್ಲಿ.
ಆ ಸೆರಗನ್ನೇ ಬರೆದುಕೊಂಡೆ.

ಇಪ್ಪತ್ತಮೂರನೇ ಮನೆ, ಸಣ್ಣತಾಯಮ್ಮ
ಬಾಗಿಲಿಗೆ ಅಡ್ಡ ನಿಂತಳು.
"ಬ್ಯಾಡ ಕನಪ್ಪ. ಭಾನುವಾರ ಪಾಂಡವಪುರದಿಂದ
ಹೆಣ್ ನೋಡಕ್ ಬತ್ತಾವ್ರೆ.
ಮುಳುಗೋ ಮನೆ ಅಂತ ನೀನೇ ಬರ್ಕೊಟ್ಟಂಗಾಯ್ತದೆ."
ಠರಾವು ತೋರಿಸಿದೆ. ಮೊಹರು ತೋರಿಸಿದೆ.
ಮೊಹರಿಗೇನು, ಅದಕ್ಕೆ ಮಗಳಿದ್ದಾಳೆಯೇ?

ಒಳಗಿನಿಂದ ಇಂದ್ರಾಣಿ ಬಂದಳು, ಕೈಯೆಲ್ಲ ರಾಗಿಹಿಟ್ಟು.
ಗೋಡೆ ನೋಡಿದಳು, ಕುಂಚ ನೋಡಿದಳು.
"ಎಲ್ಲಿಗಂಟ ಬರ್ಬೇಕು?"
ತೋರಿಸಿದೆ.
"ಕೆಳಗಿಂದ ಅಲ್ಲಿಗಂಟ ಕೆಮ್ಮಣ್ಣು ಬಳೀತೀನಿ ಬುಡಿ,
ಮೇಲೆ ಸುಣ್ಣದ ಚುಕ್ಕಿ ಇಟ್ರೆ
ಕಾರಣೆ ಅಂದ್ಕೋತಾರೆ."

ಗೇಣುದ್ದ ಇರುವ ಕಾರಣೆ
ಆ ಮನೆಗೆ ಮಾತ್ರ ಸೊಂಟಕ್ಕೆ ಬಂತು.
ಗಂಡಿನ ಅತ್ತೆ ಕೇಳಿದಳಂತೆ, ಇದ್ಯಾಕಿಷ್ಟೆತ್ತರ?
ನಮ್ ಕಡೆ ಹಂಗೇಯ, ಅಂದಳಂತೆ ಇಂದ್ರಾಣಿ.
ಆ ಸಂಬಂಧ ಕೂಡಲಿಲ್ಲ. ಗೋಡೆಯಿಂದಲ್ಲ,
ಚಿನ್ನದ ಮಾತಿನಿಂದ.

ಶ್ರಾವಣ. ಮಳೆ ಸುರಿದದ್ದು ಕೊಡಗಿನಲ್ಲಿ,
ನಮ್ಮಲ್ಲಿ ನಕ್ಷತ್ರ ಕಾಣುತ್ತಿತ್ತು.
ಕನ್ನಂಬಾಡಿಯ ಬಾಗಿಲು ಎತ್ತುತ್ತಾರಂತೆ,
ರಾತ್ರಿ ಹತ್ತಕ್ಕೆ ಮೇಡಂ ಫೋನು:
ಒಂದೂ ಕಾಲು ಲಕ್ಷ ಕ್ಯೂಸೆಕ್ಸ್.

ಕ್ಯೂಸೆಕ್ಸ್ ಅಂತ ಕೂಗಿದರೆ ಯಾರು ಏಳುತ್ತಾರೆ?
ತಮಟೆ ಬಡಿದು ಬೀದಿ ಬೀದಿಯಲ್ಲಿ ಕೂಗಿದೆ:
"ಗೆರೆಗೆ ಬತ್ತದೆ! ಗೆರೆಗೆ ಬತ್ತದೆ!"
ಒಂದೊಂದು ಮನೆಯೊಳಗೂ ಲೈಟು ಹತ್ತಿತು,
ಒಬ್ಬೊಬ್ಬರೂ ತಿರುಗಿ ಗೋಡೆ ನೋಡಿದರು.
ಅಕ್ಕಿ ಮೇಲೆ ಹೋಯಿತು, ಪಹಣಿ ಮೇಲೆ ಹೋಯಿತು,
ಕೋಳಿಗಳು ಸ್ಕೂಲಿಗೆ ಹೋದವು.
ಪುಟ್ಟಲಿಂಗಮ್ಮನ ಸೆರಗು ಬಿಚ್ಚಿತು.
ಏಳಲಾರದ ಮೂವರಲ್ಲಿ ಇಬ್ಬರನ್ನು
ಮಂಚ ಸಮೇತ ಎತ್ತಿದೆವು.
ಮೂರನೆಯವರು, ಹಳೇ ಛೇರ್ಮನ್ನರು,
ಬೈಯುತ್ತಲೇ ಹರಿಗೋಲಿನಲ್ಲಿ ಕೂತರು,
ಡಾಂಬರು ಇನ್ನೂ ಒಣಗಿರಲಿಲ್ಲವೆಂದು.
ಮುಂದೆ ಟಾರ್ಚು ಹಿಡಿದವಳು ಇಂದ್ರಾಣಿ.

ಮೂರು ದಿನಕ್ಕೆ ನೀರು ಇಳಿಯಿತು.
ಎಣ್ಣೆಬಣ್ಣದ ಗೆರೆಗಳು ಇದ್ದಂತೆಯೇ ಇದ್ದವು.
ಸಣ್ಣತಾಯಮ್ಮನ ಗೋಡೆಯ ಕೆಮ್ಮಣ್ಣನ್ನು ಮಾತ್ರ
ಹೊಳೆ ತೊಳೆದುಕೊಂಡು ಹೋಗಿತ್ತು,
ಮೇಲೆ ನಾಲ್ಕು ಬೆರಳು ಬಿಟ್ಟು,
ಚುಕ್ಕಿಗಳನ್ನು ಬಿಟ್ಟು.

ಆಡಿಟ್ಟಿನವರು ಬಂದು ಎಣಿಸಿದರು.
ದಾಖಲೆಯಲ್ಲಿ ನಲವತ್ತೊಂದು ಗೆರೆ,
ಸ್ಥಳದಲ್ಲಿ ನಲವತ್ತು.
ವಿವರಣೆ ಕೊಡಿ ಎಂದು ಬರೆದು ಹೋಗಿದ್ದಾರೆ,
ಮೇಡಂ ಇನ್ನೂ ಕೊಟ್ಟಿಲ್ಲ.

ಯುಗಾದಿಗೆ ಎಂಟು ದಿನ.
ಜಗುಲಿಯ ಮೇಲೆ ಇಂದ್ರಾಣಿ ಕೆಮ್ಮಣ್ಣು ಕಲೆಸುತ್ತಾಳೆ.
"ಮಾವ, ಈ ಸಲ ಇನ್ ನಾಲ್ಕು ಬೆಳ್ಳು ಮೇಲಕ್ಕೆ ಬಳೀಲಾ?"
ಹೊಳೆ ಕಡೆ ನೋಡಿದೆ.
ಎಮ್ಮೆ ಮಲಗಿದಷ್ಟು ಅಗಲ.
"ಬಳಿಯವ್ವ," ಅಂದೆ.